ಬೀರುವಿನ ಹಿಂದೆ ಆರಿದ ದೀಪ

ಊರಿಗೆಲ್ಲ ಅವನು ‘ಹಲೋ ಚೆಕ್’. ಮೈಕು ಕಟ್ಟುವವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತೇ ಹೆಸರಾಗಿ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ವೈರಿಲ್ಲದ ಮೈಕು ಮುನಿಸಿಕೊಂಡರೆ ಸಂತೈಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ದನಿ ಸೊರಗಿದರೆ ಬ್ಯಾಟರಿ ಬದಲಿಸು, ಪಕ್ಕದ ಸಭೆಯ ಮಾತು ನುಗ್ಗಿದರೆ ಚಾನೆಲ್ ಬದಲಿಸು, ಕುಂಯ್ ಅಂದರೆ ಸ್ಪೀಕರ್ ಮುಂದಿನಿಂದ ಮೈಕನ್ನು ಸರಿಸು. ಎಲ್ಲಕ್ಕೂ ಮೊದಲು ರಿಸೀವರ್ ಡಬ್ಬಿಯ ದೀಪ ನೋಡು. ಹಸಿರು ಉರಿಯುತ್ತಿದ್ದರೆ ಮೈಕಿನ ಮಾತು ಡಬ್ಬಿಗೆ ತಲುಪುತ್ತಿದೆ, ಆರಿದರೆ ಇಲ್ಲ. “ಕಿವಿ ಸುಳ್ಳು ಹೇಳ್ಬಹುದು, ದೀಪ ಹೇಳಲ್ಲ,” ಎನ್ನುತ್ತಿದ್ದ.

ಕಿವಿ ಸುಳ್ಳು ಹೇಳತೊಡಗಿದ್ದು ಇತ್ತೀಚೆಗೆ. ಮಾತು ನಡುನಡುವೆ ತುಂಡಾಗಿ ಕೇಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮಹಾರಾಯ ಮೈಕುಗಳನ್ನೇ ಬೈದ. ಒಳ್ಳೆಯ ಬ್ಯಾಟರಿಗಳನ್ನು ಎಸೆದ, ನೆಟ್ಟಗಿದ್ದ ಡಬ್ಬಿಯನ್ನು ಬಿಚ್ಚಿಕೊಂಡು ಕೂತ. ಕೊನೆಗೆ ಹೆಂಡತಿ, “ರೀ, ಮೈಕು ಚೆನ್ನಾಗೇ ಇದೆ,” ಎಂದು ಅವನ ಮುಖ ನೋಡದೆ ಹೇಳಿದಳು. ಅಂದಿನಿಂದ ಸಭೆಗಳಲ್ಲಿ ಅವಳಿಗೆ ಮೂರನೇ ಸಾಲಿನ ಕುರ್ಚಿ ಮೀಸಲಾಯಿತು. ಅವಳು ಕನ್ನಡಕ ಸರಿಮಾಡಿಕೊಂಡರೆ ಸದ್ದು ಹೆಚ್ಚಿಸಬೇಕು, ತೆಗೆದರೆ ತಗ್ಗಿಸಬೇಕು. ಈ ಗುಟ್ಟು ಗೋಡೆಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಿವಿ ಕೇಳದವನನ್ನು ಮೈಕಿಗೆ ಯಾರು ಕರೆಯುತ್ತಾರೆ?

ಆದರೆ ಈ ಸಲದ ಸಭೆ ಅವಳದೇ. ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳಿಗೆ ಬೀಳ್ಕೊಡುಗೆ. ಹುಟ್ಟಿದಾಗಿನಿಂದ ಮೈಕಿನ ಮುಂದೆ ನಿಂತವಳಲ್ಲ.

“ನನ್ನ ದನಿ ಮೊದಲನೇ ಸಾಲಿಗೂ ಮುಟ್ಟಲ್ಲ ರೀ.”

“ಕೊನೇ ಗೋಡೆಗೆ ಮುಟ್ಟಿಸ್ತೀನಿ. ಅದು ನನಗೆ ಬಿಡು,” ಎಂದು ಮಾತು ಕೊಟ್ಟಿದ್ದ.

ಹೊಸ ಬ್ಯಾಟರಿ ಹಾಕಿದ. ವೇದಿಕೆಯ ಪಕ್ಕದ ಮೇಜಿನ ಮೇಲೆ, ಮೈಕಿಗೆ ನೇರವಾಗಿ ಡಬ್ಬಿ ಇಟ್ಟ. ಮೈಕಿನ ಬುಡ ಮುಚ್ಚಿ ಹಿಡಿಯಬೇಡ ಎಂದು ಅವಳಿಗೆ ಮಗುವಿಗೆ ಹೇಳಿದಂತೆ ಹೇಳಿ, ಸಭೆಯ ಹಿಂಬದಿಯ ತನ್ನ ಜಾಗಕ್ಕೆ, ಸದ್ದು ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆಯ ಮುಂದೆ ಹೋಗಿ ಕೂತ. ಅಷ್ಟರಲ್ಲಿ ಜೊತೆಯ ಟೀಚರುಗಳು ಉಡುಗೊರೆಯ ಕಬ್ಬಿಣದ ಬೀರುವನ್ನು ಉಸ್ಸಪ್ಪಾ ಎಂದು ಹೊತ್ತು ತಂದು ವೇದಿಕೆಯ ಅಂಚಿಗೆ ನಿಲ್ಲಿಸಿದರು. ಡಬ್ಬಿ ಅದರ ಹಿಂದೆ ಮರೆಯಾಯಿತು. ಅವನ ಕಣ್ಣು ಹೆಂಡತಿಯ ಮೇಲಿತ್ತು.

“ಎಲ್ಲರಿಗೂ...” ಎಂದದ್ದು ಕೇಳಿಸಿತು. ಅವಳು ಬೀರುವಿನ ಪಕ್ಕಕ್ಕೆ ಒಂದು ಹೆಜ್ಜೆ ಸರಿದಳು, ಆಮೇಲೆ ತುಟಿ ಮಾತ್ರ ಆಡುತ್ತಿತ್ತು. ಕಿವಿ ಇವತ್ತೇ ಪೂರ್ತಿ ಕೈಕೊಟ್ಟಿತೆ? ಮೂರನೇ ಸಾಲಿನ ಕುರ್ಚಿ ಖಾಲಿ. ಅವಳ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಮೈಕು. ಸನ್ನೆ ಮಾಡುವವರು ಯಾರು? ಸುಮ್ಮನೆ ಸದ್ದು ಹೆಚ್ಚಿಸಿ ಸ್ಪೀಕರ್ ಕಿರುಚಿದರೆ ಅವಳ ಮಾನ ಹೋಗುತ್ತದೆ ಎಂದು ಹೆದರಿ ಕೈಕಟ್ಟಿ ಕೂತ. ಎಲ್ಲ ಕೇಳಿಸಿದವನಂತೆ ನಗುನಗುತ್ತ ತಲೆಯಾಡಿಸಿದ. ಇಷ್ಟು ದಿನ ತಪ್ಪನ್ನೆಲ್ಲ ಮೈಕಿನ ಮೇಲೆ ಹೊರಿಸಿದ್ದವನು ಇವತ್ತೊಂದು ದಿನ ಕಿವಿಯ ಮೇಲೆ ಹಾಕಿದ, ಅದೂ ಇವತ್ತೇ ಆಗಬೇಕಿತ್ತೆ!

ಹಿಂದಿನ ಸಾಲಿನವರು ಎದ್ದು ಅವನತ್ತ ಕೈಬೀಸಿದಾಗಲೇ ದೀಪ ನೆನಪಾದದ್ದು. ಓಡಿದ. ಬೀರುವಿನ ಹಿಂದೆ ದೀಪ ಆರಿತ್ತು. ಕಬ್ಬಿಣ ಅಡ್ಡ ನಿಂತು ಮೈಕಿನ ಮಾತು ಡಬ್ಬಿಗೆ ಮುಟ್ಟಿರಲಿಲ್ಲ. ಡಬ್ಬಿಯನ್ನೆತ್ತಿ ತಲೆಯ ಮೇಲೆ ಹಿಡಿದ, ದೀಪ ಹತ್ತಿತು. “ನಮಸ್ಕಾರ” ಎಂಬ ಮಾತು ಕೊನೆಯ ಗೋಡೆಗೆ ಬಡಿಯಿತು. ಅವಳ ಭಾಷಣದಲ್ಲಿ ಉಳಿದಿದ್ದುದು ಅದೊಂದೇ. ಜನ, ಪಾಪ, ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಬೀರು ಅರ್ಧ ಕೋಣೆ ನುಂಗಿತು. ನಾಚಿಕೆಯಿಂದ ಹಿಡಿಯಾಗಿದ್ದ ಅವನು, “ಓದು, ನಂಗೊಬ್ಬನಿಗಾದ್ರೂ,” ಎಂದ. ಅವಳು ಎದುರಿಗೆ ಕೂತು ಚೀಟಿ ಬಿಡಿಸಿದಳು. ತುಟಿ ಆಡಿತು. ಅವನು ಚೂರು ಪರವಾಗಿಲ್ಲ ಎನ್ನಬಹುದಾದ ಕಿವಿಯನ್ನು ಮುಂದೆ ಮಾಡಿ, ನಗುತ್ತ ತಲೆಯಾಡಿಸಿದ.

ಅವಳು ಚೀಟಿ ಕೆಳಗಿಟ್ಟು, ಅವನ ಗಲ್ಲ ಹಿಡಿದು ತಲೆ ನಿಲ್ಲಿಸಿದಳು.

“ತಲೆ ಆಡಿಸ್ಬೇಡಿ ರೀ,” ಎಂದು ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು. “ನನ್ನಷ್ಟಕ್ಕೆ ಒಂದ್ಸಲ ಓದ್ಕೊಳ್ತಿದ್ದೆ. ಇನ್ನೂ ಶುರುವೇ ಮಾಡಿಲ್ಲ.”