ಪರಂಗಿ ದಂಟಿನ ಉಸಿರು

ಜಗಳೂರಿನಲ್ಲಿ ಯಾರ ಮನೆಯ ಹಗೇವು ತೆಗೆದರೂ ಉಚ್ಚಂಗೆಪ್ಪನಿಗೆ ಹೇಳಿಕಳಿಸುತ್ತಿದ್ದರು. ನೆಲದೊಳಗೆ ತೋಡಿ ಜೋಳ ತುಂಬಿಡುವ ಆ ಗುಂಡಿಗೆ ಅವನು ಹಗ್ಗ ಕಟ್ಟಿದ ಕಂದೀಲನ್ನು ಇಳಿಬಿಡುತ್ತಿದ್ದ. ದೀಪ ಉರಿದರೆ ಆಳು ಇಳಿಯಬಹುದು, ಆರಿದರೆ ಯಾರೂ ಕಾಲಿಡುವಂತಿಲ್ಲ. ಮುಚ್ಚಿಟ್ಟ ಜೋಳ ಕೆಟ್ಟ ಉಸಿರು ಬಿಡುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಸರಪಡುವವರನ್ನು ಅವನು ರಟ್ಟೆ ಹಿಡಿದು ಹಿಂದಕ್ಕೆಳೆಯುತ್ತಿದ್ದ. ಅಂಥವನು ಆ ಬೇಸಿಗೆಯಲ್ಲಿ ಹಾಗೇಕೆ ಮಾಡಿದ ಎಂಬುದು ಹೆಂಡತಿ ಸಿದ್ದಲಿಂಗಮ್ಮನಿಗೆ ಇನ್ನೂ ಬಗೆಹರಿದಿಲ್ಲ.

ಯುದ್ಧ ಸುರುವಾದ ಮರುವರ್ಷ. ಮಗಳು ನಿರ್ಮಲಮ್ಮ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲ ಬಾಣಂತನದಲ್ಲಿ ಅವಳು ಹಾಸಿಗೆ ಬಿಟ್ಟು ಎದ್ದಿರಲೇ ಇಲ್ಲ. ಕೊನೆಗೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಹೊನ್ನಾಳಿಯ ಅಜ್ಜನ, ಅಂದರೆ ಸಿದ್ದಲಿಂಗಮ್ಮನ ತಂದೆಯ ಅರಿಷ್ಟ. ಬೇರುಗಳ ಕಷಾಯಕ್ಕೆ ಒಣದ್ರಾಕ್ಷಿ, ಬೆಲ್ಲ, ಧಾತಕಿ ಹೂ ಹಾಕಿ ಜಾಡಿಯಲ್ಲಿ ಹುದುಗು ಬರಿಸಿದ ಔಷಧಿ ಅದು. ಈಗ ಅಜ್ಜ ಇರಲಿಲ್ಲ. ಮಗು ಹುಟ್ಟುವಷ್ಟರಲ್ಲಿ ಅರಿಷ್ಟ ಸಿದ್ಧವಾಗಬೇಕಿತ್ತು, ಮಾಡಬೇಕಾದವನು ಅವನ ಅಳಿಯ ಉಚ್ಚಂಗೆಪ್ಪ.

ಮಾವನ ಕೈಕೆಳಗೆ ನಿಂತು ನೋಡಿದ್ದನ್ನೇ ಉಚ್ಚಂಗೆಪ್ಪ ಮಾಡಿದ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮಣ್ಣು ಮೆತ್ತಿ, ರಾಶಿಯಲ್ಲಿ ಹುಗಿದ. ಹೊನ್ನಾಳಿಯಲ್ಲಿ ಭತ್ತದ ರಾಶಿ, ಇಲ್ಲಿ ಜೋಳದ್ದು, ಅಷ್ಟೇ ವ್ಯತ್ಯಾಸ. ಜಾಡಿ ಢಬ್ಬೆಂದು ಒಡೆದು ರಾಶಿಯೆಲ್ಲ ನೆನೆಯಿತು. ಎರಡನೆಯದಕ್ಕೆ ಮಣ್ಣಿಲ್ಲದೆ ಬರೀ ಬಟ್ಟೆ ಕಟ್ಟಿದ. ಅದು ನೊಣ ಮುತ್ತಿಕೊಂಡು ಹುಳಿಯಾಯಿತು.

“ಬೀದಿಗೆಲ್ಲ ಈಚಲಂಗಡಿ ವಾಸ್ನೆ ಹೊಡೀತೈತೆ ನೋಡ್ರಿ. ಅಯ್ನೋರು ಭಿಕ್ಷಕ್ಕೆ ಬಂದ್ರೆ ಏನಂತ ಹೇಳಾಕೆ?” ಎಂದಳು ಸಿದ್ದಲಿಂಗಮ್ಮ.

“ನಮ್ಮ ಮಾವ ಬಂದಿದ್ರು, ಸಿಟ್ಟಾಗಿ ಜಾಡಿ ಒಡೆದು ಹೋದ್ರು ಅನ್ನು.”

“ನಮ್ಮಪ್ಪ ಬಂದಿದ್ರೆ ಜಾಡಿ ಬಿಟ್ಟು ನಿಮ್ಮ ತಲೆ ಒಡೀತಿದ್ರು ಬಿಡ್ರಿ.”

ಅವನು ನಕ್ಕ. ಆದರೆ ಗೊಂದಲ ಬಿಡಲಿಲ್ಲ. ಅದೇ ಬೇರು, ಅದೇ ಬೆಲ್ಲ, ಕಲಿತದ್ದೂ ಅದೇ ಕೈಯಿಂದ. ಹೊನ್ನಾಳಿಯಲ್ಲಿ ಆದದ್ದು ಇಲ್ಲೇಕೆ ಆಗದು? ಮತ್ತೆ ಎರಡು ದೊಡ್ಡ ಜಾಡಿ ಹೂಡಿ, ಹೊತ್ತುಹೊತ್ತಿಗೂ ಅವುಗಳ ಹೊಟ್ಟೆ ಮುಟ್ಟಿ ನೋಡತೊಡಗಿದ. ಮಧ್ಯಾಹ್ನದ ಹೊತ್ತಿಗೆ ಜ್ವರ ಬಂದ ಮಕ್ಕಳ ಮೈಯಂತೆ ಸುಡುತ್ತಿದ್ದವು.

“ಅಲ್ಲಿ ಹೊಳೆ ತಂಪು, ಭತ್ತದ ರಾಶಿ ಕಂಬಳಿ ಇದ್ದಂಗೆ. ಈ ಸೆಕೆಯಾಗೆ ಕಂಬಳಿ ಹೊಚ್ಚಿದ್ರೆ ಯಾರು ತಡ್ಕಂತಾರೆ?” ಎಂದ.

ಒದ್ದೆ ಗೋಣಿ ಸುತ್ತಿದ. ಹಸಿ ಮರಳಲ್ಲಿ ಇಟ್ಟ. ಸಂಜೆಯೊಳಗೆ ಎಲ್ಲ ಒಣಗುತ್ತಿತ್ತು. ಹಗಲು ಉಕ್ಕುತ್ತಿದ್ದ ಹುದುಗು ರಾತ್ರಿ ಮಲಗುತ್ತಿತ್ತು. ಆಗ ಹೊಳೆದದ್ದು ಹಿತ್ತಲ ಹಗೇವು. ಹಿಂದಿನ ವರ್ಷದ ಜೋಳ ಮುಗಿದು ಅದು ಬರಿದಾಗಿತ್ತು. ಒಳಗೆ ಹಗಲೂ ಇರುಳೂ ಒಂದೇ ತಂಪು. ಎರಡೂ ಜಾಡಿಗಳನ್ನು ಅದರೊಳಗೆ ಇಳಿಸಿದ.

ಜಾಡಿಯ ಬಾಯಿ ಮುಚ್ಚುವುದಕ್ಕೂ ಅವನೇ ದಾರಿ ಕಂಡುಕೊಂಡ. ಪರಂಗಿ ಎಲೆಯ ದಂಟು ಒಳಗೆ ಟೊಳ್ಳು. ಬಾಡಿಸಿದರೆ ಮುರಿಯದೆ ಬಾಗುತ್ತದೆ. ಅದರ ಒಂದು ತುದಿಯನ್ನು ಜಾಡಿಯ ಮಣ್ಣಿನ ಮುಚ್ಚಳದಲ್ಲಿ ನೆಟ್ಟು, ಇನ್ನೊಂದನ್ನು ಚೊಂಬಿನ ನೀರಿನಲ್ಲಿ ಅದ್ದಿದ. ಒಳಗಿನ ಉಸಿರು ಗುಳುಗುಳು ಎಂದು ಹೊರಬರುತ್ತಿತ್ತು. ಹೊರಗಿನ ಗಾಳಿ ಒಳಹೋಗುತ್ತಿರಲಿಲ್ಲ, ನೊಣವಂತೂ ಇಲ್ಲವೇ ಇಲ್ಲ. ಬಿಸಿಲು ಇಳಿಯದಂತೆ ಹಗೇವಿನ ಬಾಯಿಗೆ ಚಪ್ಪಡಿ ಎಳೆದ.

ಆಮೇಲೆ ದಿನವೂ ಬೆಳಿಗ್ಗೆ ಚಪ್ಪಡಿ ಸರಿಸಿ, ಬೋರಲು ಮಲಗಿ ಕಿವಿಗೊಡುತ್ತಿದ್ದ. “ಬಾರೇ ಇಲ್ಲಿ, ನಿಮ್ಮಪ್ಪ ಮಾತಾಡ್ತಾರೆ” ಎಂದು ಕರೆಯುತ್ತಿದ್ದ. ಸಿದ್ದಲಿಂಗಮ್ಮ ಬೈದುಕೊಂಡೇ ಹೋಗಿ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಸದ್ದಿರಲಿಲ್ಲ. ದಂಟು ಕಳಚಿ ಗಾಳಿ ಹೊಕ್ಕಿತೋ ಏನೋ, ಇದೂ ಹುಳಿಯಾದರೆ ಮತ್ತೆ ಹೂಡಲು ದಿನಗಳಿಲ್ಲ ಎಂದು ಅವನಿಗೆ ದಿಗಿಲಾಯಿತು. ಏಣಿ ಇಳಿಸಿದ.

“ದೀಪ ಬಿಟ್ಟು ನೋಡ್ರಿ ಮೊದ್ಲು.”

“ಒಂದು ಕಾಳು ಜೋಳ ಇಲ್ಲ. ಬರೇ ಹಗೇವಿನಾಗೆ ಎಂಥ ಕೆಟ್ಟ ಉಸಿರೇ? ಎಣ್ಣೆ ದಂಡ.”

ಆ ಮಾತು ಅವಳಿಗೂ ಸರಿಯೆನಿಸಿತು. ಅವನು ಇಳಿದ. “ದಂಟು ಸರಿ ಐತೆ” ಎಂಬ ದನಿ ಬಂತು. ಮತ್ತೆ ಏನೂ ಬರಲಿಲ್ಲ. ಬಗ್ಗಿ ನೋಡಿದರೆ, ದಣಿದವನಂತೆ ಜಾಡಿಗೆ ಒರಗಿ ಕೂತಿದ್ದ.

ಅವಳ ಕೂಗಿಗೆ ಪಕ್ಕದ ಮನೆಯ ಮರುಳಸಿದ್ದಪ್ಪ ಓಡಿಬಂದ. ಕಂದೀಲು ಇಳಿಬಿಟ್ಟ. ಅರ್ಧಕ್ಕೆ ಆರಿತು. ಮತ್ತೆ ಹಚ್ಚಿ ಬಿಟ್ಟ. ಅಲ್ಲೇ ಆರಿತು. ಇಳಿಯಲು ಏಣಿ ಹಿಡಿದ ಸಿದ್ದಲಿಂಗಮ್ಮನನ್ನು ಅವನೇ ರಟ್ಟೆ ಹಿಡಿದು ಹಿಂದಕ್ಕೆಳೆದ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಉಚ್ಚಂಗೆಪ್ಪನನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದವರು ತಲೆಗೊಂದು ಮಾತಾಡಿದರು. ಹಗೇವಿಗೆ ಪೂಜೆ ತಪ್ಪಿತ್ತು ಎಂದರು. ಹೊನ್ನಾಳಿಯ ವಿದ್ಯೆ ಇಲ್ಲಿಗೆ ಒಗ್ಗಲಿಲ್ಲ ಎಂದರು. ಸಿದ್ದಲಿಂಗಮ್ಮ ಎಲ್ಲ ಕೇಳಿ, ಯಾವುದನ್ನೂ ಹಿಡಿದಿಟ್ಟುಕೊಳ್ಳಲಾಗದೆ ಕೂತಿದ್ದಳು. ಕೆಲವು ದಿನ ಕಳೆದ ಮೇಲೆ ಇದ್ದಕ್ಕಿದ್ದಂತೆ ಕೇಳಿದಳು:

“ಮರುಳಸಿದ್ದಣ್ಣ, ಆ ದಂಟಿನಾಗೆ ದಿನಾ ಉಸಿರು ಬರ್ತಿತ್ತಲ್ಲ, ಅದು ಎಲ್ಲಿಗೆ ಹೋಗ್ತಿತ್ತು?”

ಅವನು ಹಗೇವಿನ ಕಡೆ ನೋಡಿದ. “ಎಲ್ಲಿಗೂ ಹೋಗ್ತಿರ್ಲಿಲ್ಲ ಕಣವ್ವ. ಅಲ್ಲೇ ತುಂಬ್ತಿತ್ತು. ಉಸಿರು ಬಿಡೋದು ಜೋಳ ಒಂದೇ ಅಂದ್ಕಂಡಿದ್ವಿ.”

“ಅವರಿಗೆ ಯಾಕೆ ಹೊಳೀಲಿಲ್ಲ? ಊರಿಗೆಲ್ಲ ಹೇಳೋರಿಗೆ?”



ಚಪ್ಪಡಿ ತೆರೆದೇ ಬಿಟ್ಟು, ಹಗೇವಿಗೆ ಗಾಳಿಯಾಡಿ ದೀಪ ತಳಮುಟ್ಟ ಉರಿದ ಮೇಲೆ ಜಾಡಿಗಳನ್ನು ಮೇಲೆ ತಂದರು. ನಿರ್ಮಲಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಈ ಸಲವೂ ಬಾಣಂತಿಯ ಮುಖ ಬಿಳಿಚಿಕೊಂಡಿತು, ಕಾಲು ನಿಲ್ಲಲಿಲ್ಲ. ಸಿದ್ದಲಿಂಗಮ್ಮ ಒಂದು ದಿನ ಜಾಡಿಗಳನ್ನು ತಿಪ್ಪೆಗೆ ಸುರಿಯಲು ಎದ್ದಳು. ಇನ್ನೊಂದು ದಿನ ಅವುಗಳ ಮುಂದೆ ಕೂತು ಸುಮ್ಮನೆ ಎದ್ದುಬಂದಳು. ಗಂಡನನ್ನು ತಿಂದದ್ದನ್ನು ಮಗಳಿಗೆ ಕೊಡುವುದೇ? ಅವನು ಇಳಿದದ್ದು ಯಾತಕ್ಕೆ, ಹಾಗಾದರೆ?

ಮಗಳು ಗೋಡೆ ಹಿಡಿದು ಏಳಲು ಹೋಗಿ ಕುಸಿದ ದಿನ, ಅವಳು ಜಾಡಿಯ ಮಣ್ಣು ಒಡೆದಳು. ಒಳಗೆ ತಿಳಿಯಾದ ಕೆಂಪು. ಹುಳಿಯ ವಾಸನೆಯೇ ಇಲ್ಲ. ಲೋಟದಲ್ಲಿ ತಂದು ಕೊಟ್ಟಳು.

“ಅಪ್ಪ ಮಾಡಿದ್ದೇನವ್ವ?”

“ಕುಡಿ.”

ನಿರ್ಮಲಮ್ಮ ಕಣ್ಣು ಮುಚ್ಚಿ ಕುಡಿದಳು. “ಅಜ್ಜಂದು ಇದ್ದಂಗೇ ಐತೆ” ಎಂದಳು.

ಸಿದ್ದಲಿಂಗಮ್ಮ ತಟಕ್ಕನೆ ಹಿತ್ತಲ ಕಡೆ ತಿರುಗಿದಳು, ಆ ಮಾತನ್ನು ಕೂಗಿ ಹೇಳಲು ಬಾಯಿ ತೆರೆದವಳಂತೆ. ಆಮೇಲೆ ಮಗಳ ಕೈಯಿಂದ ಲೋಟ ತೆಗೆದುಕೊಂಡು ಇನ್ನೊಂದಿಷ್ಟು ಬಗ್ಗಿಸಿದಳು.