ಅತ್ತೆಯೂ ನಾನೂ ಬಿಚ್ಚಿ ಜೋಡಿಸಿದ ಜೀಪು

ನಾನು ಪಶುವೈದ್ಯೆ. ಹೊಸನಗರ ತಾಲ್ಲೂಕಿನ ಒಳಹಳ್ಳಿಗಳಲ್ಲಿ ಕರು ಹಾಕಲಾರದೆ ಒದ್ದಾಡುವ ಹಸು, ಹೊಟ್ಟೆ ಉಬ್ಬರಿಸಿದ ಎಮ್ಮೆ ಎಲ್ಲಿದೆಯೋ ಅಲ್ಲಿಗೆ ಹೋಗುವುದು ನನ್ನ ಕೆಲಸ. ಮೊದಲು ಸ್ಕೂಟರಿನಲ್ಲೇ ತಿರುಗುತ್ತಿದ್ದೆ. ಒಂದು ದಿನ ಕೆಸರಿನ ಏರಿನಲ್ಲಿ ಸ್ಕೂಟರು ಜಾರಿ, ಔಷಧಿ ಪೆಟ್ಟಿಗೆಯ ಸಮೇತ ರಸ್ತೆ ಬದಿಯ ಚರಂಡಿಗೆ ಬಿದ್ದೆ. ಕರೆಯಲು ಬಂದಿದ್ದ ಹಸುವಿನ ಯಜಮಾನನೇ ನನ್ನನ್ನು ಎತ್ತಿ ಕೂರಿಸಿ, "ಅಮ್ಮಾ, ಈಗ ಡಾಕ್ಟ್ರು ಬೇಕಾಗಿದ್ದು ಹಸುವಿಗಾ ನಿಮಗಾ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ. ಆ ವಾರವೇ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಹುಡುಕಲು ಹೊರಟೆ. ಆನಂದಪುರದ ತೋಟಗಾರರೊಬ್ಬರು ಹತ್ತು ವರ್ಷ ಓಡಿಸಿ ಬೇಸತ್ತಿದ್ದ ಟರ್ಬೊ ಡೀಸೆಲ್ ಜೀಪೊಂದು ಸಿಕ್ಕಿತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೆ ಎಂಜಿನ್ನಿನಲ್ಲಿ ಒಳ್ಳೆಯ ಎತ್ತಿನ ಎದೆಬಡಿತದಂಥ ಒಂದು ಸಮಾಧಾನವಿತ್ತು. ಅಷ್ಟು ಕೇಳಿಯೇ ತೆಗೆದುಕೊಂಡೆ.

ಗಾಡಿಯ ಕೆಲಸವನ್ನು ನಾನೇ ಕಲಿಯಬೇಕೆಂದು ಮೊದಲು ಅನಿಸಿರಲಿಲ್ಲ. ಒಮ್ಮೆ ಸಣ್ಣ ರಿಪೇರಿಗೆಂದು ಗ್ಯಾರೇಜಿನಲ್ಲಿ ಬಿಟ್ಟದ್ದು ಎಂಟು ದಿನ ಅಲ್ಲೇ ನಿಂತಿತು. ಮೆಕ್ಯಾನಿಕ್ ಕೆಟ್ಟವನಲ್ಲ, ಅವನ ಮುಂದೆ ಇನ್ನೂ ಹತ್ತು ಗಾಡಿಗಳಿದ್ದವು. ಆ ದಿನಗಳಲ್ಲಿ ಒಂದು ಹಳ್ಳಿಯಿಂದ ಕರೆ ಬಂತು. ಬಸ್ಸು ಇಳಿದು, ನಡೆದು, ನಾನು ಕೊಟ್ಟಿಗೆ ತಲುಪುವಾಗ ಹಸು ಸತ್ತಿತ್ತು. ಮನೆಯ ಹೆಂಗಸು ನನಗೆ ಬಾಯಾರಿಕೆಗೆ ಮಜ್ಜಿಗೆ ಕೊಟ್ಟಳು. ಅದನ್ನು ಕುಡಿಯುವುದು ಬಹಳ ಕಷ್ಟವಾಯಿತು. ಮರುದಿನ ಸಾಗರದ ಪೇಟೆಗೆ ಹೋಗಿ ಒಂದು ಸೆಟ್ ಸ್ಪ್ಯಾನರ್, ಒಂದು ಜಾಕ್ ಕೊಂಡುಬಂದೆ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕಣ್ಣು ಮುಚ್ಚಿಕೊಂಡೇ ಕರುವಿನ ಕಾಲು ಯಾವುದು ತಲೆ ಯಾವುದು ಎಂದು ತಿಳಿಯಬಲ್ಲೆ. ಜೀಪಿನ ಹೊಟ್ಟೆ ಅದಕ್ಕಿಂತ ಕಷ್ಟವೇ ಎಂಬ ಸೊಕ್ಕೂ ಸ್ವಲ್ಪ ಇತ್ತು.

ಸೊಕ್ಕು ಮೊದಲ ಭಾನುವಾರವೇ ಇಳಿಯಿತು. ನನ್ನ ಗಂಡ ತೀರ್ಥಹಳ್ಳಿಯ ಕಾಲೇಜಿನಲ್ಲಿ ಇತಿಹಾಸದ ಮೇಷ್ಟರು. ವಾರವಿಡೀ ಅಲ್ಲಿಯೇ ಒಂದು ಕೋಣೆಯಲ್ಲಿದ್ದು ಶನಿವಾರ ಸಂಜೆ ಸಾಗರದ ನಮ್ಮ ಬಾಡಿಗೆ ಮನೆಗೆ ಬರುತ್ತಾರೆ. ನಾನು ಜೀಪಿನಡಿ ಮಲಗಿ ಹಳೇ ಎಂಜಿನ್ ಆಯಿಲ್ ಇಳಿಸಿದೆ, ಅವರು ಸ್ಟೂಲಿನ ಮೇಲೆ ಕುಳಿತು ಗಾಡಿಯ ಪುಸ್ತಕವನ್ನು ಶಾಸನ ಓದುವವರ ಹಾಗೆ ನಿಧಾನವಾಗಿ ಓದಿ ಹೇಳಿದರು. ಹೊಸ ಫಿಲ್ಟರ್ ಹಾಕಿ, ಹೊಸ ಆಯಿಲ್ ತುಂಬಿ, ಕೀಲಿ ತಿರುಗಿಸಿದೆ. ನಿಮಿಷದೊಳಗೆ ತುಂಬಿದ ಆಯಿಲೆಲ್ಲ ಅಂಗಳದಲ್ಲಿ ಹರಿಯುತ್ತಿತ್ತು. ಹಳೇ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದನ್ನು ನೋಡದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದೆ. ಗಂಡ ಪುಸ್ತಕದ ಪುಟ ಹಿಂದಕ್ಕೆ ತಿರುವಿ, "ಉಂಗುರ ತೆಗೀಬೇಕು ಅಂತ ಬರೆದಿದೆ. ಆ ಸಾಲು ನಾನೇ ಬಿಟ್ಟೆ ಕಾಣತ್ತೆ" ಎಂದರು. ಇಬ್ಬರೂ ಸೇರಿ ಮರದ ಪುಡಿ ಹರಡಿ ಅಂಗಳ ಒರೆಸಿದೆವು. ಆ ಕಲೆ ಇನ್ನೂ ಹೋಗಿಲ್ಲ.

ಅದೇ ವರ್ಷ ಅತ್ತೆ ನಮ್ಮ ಮನೆಗೆ ಬಂದರು. ಅವರ ಬಗ್ಗೆ ಹೇಳಬೇಕಾದರೆ ನಮ್ಮ ಮದುವೆಯ ವಿಷಯ ಹೇಳಲೇಬೇಕು. ಗಂಡನ ಮನೆಯವರು ಅಡಿಕೆ ತೋಟದವರು, ಮನೆಯೊಳಗೆ ತಮ್ಮದೇ ಭಾಷೆ ಆಡುವವರು. ನನ್ನ ಅಜ್ಜ ಅಂಥ ಮನೆಗಳ ಗದ್ದೆಯನ್ನು ಗೇಣಿಗೆ ಮಾಡಿದವರು. ನಮ್ಮ ಮದುವೆಗೆ ಅತ್ತೆ ಬರಲಿಲ್ಲ. ಜಗಳವಾಡಿದವರೂ ಅಲ್ಲ, ಶಾಪ ಹಾಕಿದವರೂ ಅಲ್ಲ. ಸುಮ್ಮನೆ ಬರಲಿಲ್ಲ. ನಾಲ್ಕು ವರ್ಷ ನನ್ನನ್ನು ಹೆಸರು ಹಿಡಿದೂ ಕರೆಯಲಿಲ್ಲ, ಸಂಬಂಧ ಹಿಡಿದೂ ಕರೆಯಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಆಸ್ಪತ್ರೆಗೆ ಹತ್ತಿರವಿರಲೆಂದು ಗಂಡ ಅವರನ್ನು ಊರಿನಲ್ಲಿದ್ದ ತಮ್ಮ ಅಣ್ಣನ ಮನೆಯಿಂದ ಕರೆದುಕೊಂಡು ಬಂದು, ಸೋಮವಾರ ಬೆಳಿಗ್ಗೆ ತಾವು ತೀರ್ಥಹಳ್ಳಿಯ ಬಸ್ಸು ಹತ್ತಿ ಹೋದರು. ಮನೆಯಲ್ಲಿ ನಾವಿಬ್ಬರೇ.

ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಮೊದಲ ದಿನ ಅವರ ಗದ್ದ ಹಿಡಿದು ತಲೆ ಹಿಂದಕ್ಕೆ ಬಾಗಿಸಿದಾಗ ಅವರು ಬಾಯಿಬಿಟ್ಟು ಆಡಿದ ಮಾತು: "ದನಕ್ಕೆ ಹಾಕಿದಾಂಗೆ ಹಾಕಡ." ಹಾಕಬೇಡ ಎನ್ನುವುದು ಅವರ ಮನೆಮಾತಿನಲ್ಲಿ ಹಾಕಡ.

"ಇಲ್ಲ ಅತ್ತೆ, ದನ ಇಷ್ಟು ಸುಮ್ನೆ ಕೂರಲ್ಲ" ಎಂದೆ. ಅವರು ನಗಲಿಲ್ಲ, ತುಟಿ ಮಾತ್ರ ಸ್ವಲ್ಪ ಅಲುಗಿತು.

ಆ ದಿನಗಳಲ್ಲಿ ಜೀಪು ಏರಿನಲ್ಲಿ ಸೋಲತೊಡಗಿತ್ತು. ಕಾಲು ಎಷ್ಟೇ ಒತ್ತಿದರೂ ಎಳೆಯದು, ಹಿಂದಿನಿಂದ ಕಪ್ಪು ಹೊಗೆ. ಗಾಳಿಯ ಫಿಲ್ಟರ್ ಕಟ್ಟಿರಬೇಕೆಂದು ಅದನ್ನು ಬಿಚ್ಚಿ ಕುಟ್ಟಿ ಕೂರಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲೇ ಎಂಜಿನ್ ಓಡಿಸಿ ನೋಡುತ್ತಿದ್ದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು.

"ಎಂತದೋ ಸೀಟಿ ಹೊಡೀತಾ ಇದ್ದು" ಎಂದರು.

ನನಗೆ ಕೇಳಿಸಲಿಲ್ಲ. "ಎಲ್ಲಿ ಅತ್ತೆ?"

"ಜೋರು ಮಾಡು." ನಾನು ರೇಸ್ ಕೊಟ್ಟೆ. "ಹಾಂ, ಈಗ. ಕುಕ್ಕರಿನ ರಬ್ಬರು ಹೋದ್ರೆ ಹೀಂಗೇ ಕೂಗ್ತು. ಎಲ್ಲೋ ಗಾಳಿ ಸೋರ್ತಾ ಇದ್ದು."

ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಟರ್ಬೊದಿಂದ ಹೊರಡುವ ದಪ್ಪ ರಬ್ಬರ್ ಪೈಪಿನ ಕೆಳಗೆ ಬೆರಳಾಡಿಸಿದೆ. ಕಣ್ಣಿಗೆ ಕಾಣದ ಕಡೆ, ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಬೆರಳುದ್ದ ಸೀಳಿತ್ತು. ಟರ್ಬೊ ಒತ್ತಿ ಕಳಿಸುವ ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಉಸಿರು ಸಾಲದೆ ಎಂಜಿನ್ನು ಹೊಗೆ ಕಾರುತ್ತಿತ್ತು. ಅದಕ್ಕೆ ಸೈಕಲ್ ಟ್ಯೂಬನ್ನು ಸುತ್ತಿದೆ. ಅತ್ತೆಯ ಕೈಗೆ ಟ್ಯೂಬಿನ ತುದಿ ಕೊಟ್ಟು, "ಸ್ವಲ್ಪ ಎಳೆದು ಹಿಡ್ಕೊಳ್ಳಿ" ಎಂದೆ. ಅವರು ಕಾಲು ಊರಿ, ಹಗ್ಗ ಜಗ್ಗಿದವರ ಹಾಗೆ ಹಿಡಿದರು, ನಾನು ಎರಡೂ ಕಡೆ ಕ್ಲಾಂಪು ಬಿಗಿದೆ. ಹೊಸ ಪೈಪು ಶಿವಮೊಗ್ಗದಿಂದ ಬರುವವರೆಗೆ ಹತ್ತು ದಿನ ಆ ಟ್ಯೂಬೇ ನಮ್ಮನ್ನು ಕಾಪಾಡಿತು.

ಆಮೇಲೆ ಮಾತು ಬೆಳೆಯಿತು. ಎಲ್ಲ ಗಾಡಿಯ ಮಾತೇ. ಮಾವ ಸಣ್ಣ ವಯಸ್ಸಿಗೇ ತೀರಿಕೊಂಡ ಮೇಲೆ ತೋಟದ ಡೀಸೆಲ್ ಪಂಪನ್ನು ವರ್ಷಗಟ್ಟಲೆ ಅತ್ತೆಯೇ ನಡೆಸಿದ್ದರೆಂದು ನನಗೆ ಗೊತ್ತಾದದ್ದು ಆಗ. ಗಂಡನಿಗೆ ಫೋನು ಮಾಡಿ ಕೇಳಿದರೆ, "ಹೌದಾ? ಅಮ್ಮನ ಸೀರೆ ಯಾವಾಗ್ಲೂ ಡೀಸೆಲ್ ವಾಸನೆ ಬರ್ತಿತ್ತು, ನಾನು ಲಾಟೀನಿಂದು ಅಂದ್ಕೊಂಡಿದ್ದೆ" ಎಂದರು. ಅದನ್ನು ಹೇಳಿದಾಗ ಅತ್ತೆ, "ಅವಂಗೆ ಪುಸ್ತಕ ಬಿಟ್ರೆ ಎಂತದೂ ಕಾಣ್ತಿಲ್ಲೆ" ಎಂದರು. ನಾವಿಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕದ್ದು ಆವಾಗಲೇ.

ಕಣ್ಣು ನಿಚ್ಚಳವಾದ ಮೇಲೆ ಅತ್ತೆಗೆ ತಮ್ಮ ಅಕ್ಕನ ಮುಖ ನೋಡಬೇಕೆನಿಸಿತು. ಅಕ್ಕನ ಮನೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಆಗಿನ್ನೂ ಸೇತುವೆ ಮುಗಿದಿರಲಿಲ್ಲ, ಹೊಳೆಬಾಗಿಲಿನಿಂದ ಗಾಡಿಯ ಸಮೇತ ಲಾಂಚು ಹತ್ತಿ ದಾಟಬೇಕು. ದೂರದ ಪ್ರಯಾಣವೆಂದು ಹಿಂದಿನ ದಿನ ನಾನು ಮುತುವರ್ಜಿಯಿಂದ ಡೀಸೆಲ್ ಫಿಲ್ಟರ್ ಬದಲಿಸಿದೆ. ಗಾಡಿ ಚೆನ್ನಾಗಿಯೇ ಓಡಿತು. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿಸಿ, ಆಚೆ ದಡದಲ್ಲಿ ಮೊದಲು ಇಳಿಯಬೇಕಾದ ಸ್ಥಾನದಲ್ಲಿ ನಮ್ಮನ್ನು ನಿಲ್ಲಿಸಿದರು. ಎಂಜಿನ್ ಆರಿಸಿದೆ. ಅತ್ತೆ ಕಿಟಕಿಯಿಂದ ನೀರು, ನೀರಿನ ಮೇಲೆ ಎದ್ದ ಒಣ ಮರದ ಬೊಡ್ಡೆಗಳು, ಆಚೆಯ ಗುಡ್ಡ ಎಲ್ಲವನ್ನೂ ಹೊಸ ಕಣ್ಣಿನಲ್ಲಿ ನೋಡುತ್ತ ಕುಳಿತರು.

ಲಾಂಚು ದಡ ಮುಟ್ಟಿತು. ಮುಂದಿನ ಹಲಗೆ ಇಳಿಸಿದರು. ಕೀಲಿ ತಿರುಗಿಸಿದೆ. ಎಂಜಿನ್ನು ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ.

ಹಿಂದೆ ಸಿಗಂದೂರಿಗೆ ಹೊರಟ ಯಾತ್ರಿಕರ ಟೆಂಪೊ, ನಾಲ್ಕೈದು ಕಾರು. ನಾವು ಸರಿಯದೆ ಒಂದೂ ಇಳಿಯುವಂತಿಲ್ಲ. ದಡದಲ್ಲಿ ಈ ಕಡೆ ಬರುವವರ ಸಾಲು. ಹಾರ್ನುಗಳು ಶುರುವಾದವು. ಲಾಂಚಿನವನು ಓಡಿಬಂದು, "ಮೇಡಂ, ಬೇಗ ತೆಗೀರಿ, ಟೈಮಾಗ್ತಿದೆ" ಎಂದ. ಟೆಂಪೊದಿಂದ ನಾಲ್ಕು ಜನ ಇಳಿದು, "ತಳ್ತೀವಿ, ನ್ಯೂಟ್ರಲ್ಲಿಗೆ ಹಾಕಿ" ಎಂದರು. ಎದುರಿಗೆ ಏರು. ಈ ಭಾರದ ಜೀಪನ್ನು ಅಲ್ಲಿ ತಳ್ಳಿ, ಕೈಸೋತರೆ ಹಿಂದಕ್ಕೆ ನೀರಿಗೇ. ತಳ್ಳುವುದು ಬೇಡವೆಂದು ಕೈಯಾಡಿಸಿದೆ. ಮತ್ತೊಮ್ಮೆ ತಿರುಗಿಸಹೋದಾಗ ಅತ್ತೆ ನನ್ನ ಕೈಯ ಮೇಲೆ ಕೈ ಇಟ್ಟರು.

"ಸಾಕು. ಬ್ಯಾಟರಿ ಕೊಲ್ಲಡ. ನಿನ್ನೆ ಎಂತ ಬಿಚ್ಚಿದ್ದೆ?"

"ಡೀಸೆಲ್ ಫಿಲ್ಟರ್."

"ಗಾಳಿ ಸೇರಿದ್ದು. ಬಾ, ಇಳಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಇಳಿದೇಬಿಟ್ಟರು. ನಾನು ಬಾನೆಟ್ ಎತ್ತಿದೆ. ಅತ್ತೆ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, "ಕೈಯಲ್ಲಿ ಒತ್ತೂದು ಎಂತಾದ್ರೂ ಇದ್ದಾ?" ಎಂದು ಕೇಳಿದರು. ಫಿಲ್ಟರಿನ ತಲೆಯ ಮೇಲಿದ್ದ ಚಿಕ್ಕ ಕೈಪಂಪು ತೋರಿಸಿದೆ. ನಿನ್ನೆ ಅದನ್ನು ಹತ್ತು ಸಲ ಒತ್ತಿ ಸಾಕೆಂದು ಬಿಟ್ಟಿದ್ದೆ. ಅತ್ತೆ ಫಿಲ್ಟರನ್ನೇ ಎರಡು ಕೈಯಲ್ಲಿ ಹಿಡಿದು ತಿರುಗಿಸಿದರು. ಅದು ಇನ್ನೂ ಅರ್ಧ ಸುತ್ತು ಬಿಗಿಯಿತು. ಆ ಸಡಿಲದಲ್ಲೇ ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪವೇ ಗಾಳಿ ಎಳೆದುಕೊಂಡು, ಲಾಂಚಿನಲ್ಲಿ ನಿಂತಾಗ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸು ಇಳಿದಿತ್ತು.

"ಆನು ಒತ್ತುತ್ತಿ. ಆ ಸ್ಕ್ರೂ ನೀನು ಸಡಿಲ ಮಾಡು."

ಅವರು ಒತ್ತಿದರು, ನಾನು ಸ್ಪ್ಯಾನರಿನಿಂದ ಗಾಳಿ ಬಿಡುವ ಸ್ಕ್ರೂ ತಿರುಗಿಸಿದೆ. ಬುಸ್ ಎಂದಿತು. ನೊರೆ ಬಂತು. ಹಾರ್ನುಗಳು ಹಾಗೇ ಕೂಗುತ್ತಿದ್ದವು, ಅತ್ತೆ ತಲೆ ಎತ್ತಲಿಲ್ಲ. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ಹಾಲು ಕರೆಯುವವರ ಲಯದಲ್ಲಿ. ನೊರೆ ಕಡಿಮೆಯಾಗಿ ಗುಳ್ಳೆಯಾಯಿತು, ಗುಳ್ಳೆ ಹೋಗಿ ತಿಳಿ ಡೀಸೆಲ್ ಚಿಮ್ಮಿ ನಮ್ಮಿಬ್ಬರ ಕೈ ತೋಯಿಸಿತು.

"ಹಾಂ, ಈಗ ಬಿಗಿ. ಹೋಗಿ ತಿರುಗ್ಸು. ಹೆದರಡ."

ಎರಡನೇ ಸುತ್ತಿಗೆ ಎಂಜಿನ್ ಹಿಡಿಯಿತು. ಬಿಳಿ ಹೊಗೆ ಕಾರಿ, ಕೆಮ್ಮಿ, ಸ್ಥಿರವಾಯಿತು. ಟೆಂಪೊದವರು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ, "ಅಜ್ಜಿ, ನೀವು ಮೆಕ್ಯಾನಿಕ್ಕಾ?" ಎಂದು ಕೂಗಿದ. ಅತ್ತೆ ಜೀಪು ಹತ್ತುತ್ತ, "ಅಲ್ಲಪ್ಪ, ಪಂಪು ನಡೆಸಿದವಳು" ಎಂದರು.

ಏರು ಹತ್ತಿ ಮೇಲೆ ಬಂದು, ಸಮತಟ್ಟಾದ ಜಾಗ ನೋಡಿ ಗಾಡಿ ನಿಲ್ಲಿಸಿದೆ, ಎಂಜಿನ್ ಮಾತ್ರ ಆರಿಸಲಿಲ್ಲ. "ತಪ್ಪು ನಂದು ಅತ್ತೆ. ಸರಿಯಾಗಿ ಬಿಗಿಬೇಕಿತ್ತು."

ಅತ್ತೆ ಕೈಗೆ ಮೆತ್ತಿದ್ದ ಡೀಸೆಲ್ಲನ್ನು ಹಳೇ ಬಟ್ಟೆಗೆ ಒರೆಸಿಕೊಂಡರು. ಆಮೇಲೆ ಹೇಳಿದರು. ಮಾವ ಹೋದ ವರ್ಷ ಬೇಸಿಗೆಯಲ್ಲಿ ಪಂಪು ಹೀಗೇ ನಿಂತಿತಂತೆ. ಸಸಿಗಳು ಬಾಡುತ್ತಿದ್ದವು. ಅವರು ಪಂಪಿನ ಪಕ್ಕ ಕುಳಿತು ಅಳುತ್ತಿದ್ದಾಗ ಹಿಂದೆ ಅವರ ಗದ್ದೆ ಮಾಡಿಕೊಂಡಿದ್ದ ಒಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ಅದನ್ನು ಕಂಡು ಬಂದರಂತೆ. ದೂರ ನಿಂತು, ಎಲ್ಲಿ ಸಡಿಲಿಸಬೇಕು, ಎಲ್ಲಿ ಒತ್ತಬೇಕು ಎಂದು ಬಾಯಲ್ಲೇ ಹೇಳಿಕೊಟ್ಟರಂತೆ. ಪಂಪು ಹತ್ತಿಕೊಂಡಿತು.

"ನಿಂಗಳ ಜನದವ್ರು ಅವ್ರು" ಎಂದರು ಅತ್ತೆ. "ಬಿಸಿಲಲ್ಲಿ ಅಷ್ಟು ಹೊತ್ತು ನಿಂತಿದ್ದ. ಜಗಲಿಗೆ ಬನ್ನಿ ಹೇಳಿ ಕರೆದಿದ್ದಿಲ್ಲೆ ಆನು. ನೀರೂ ಅಂಗಳದಲ್ಲೇ ಕೊಟ್ಟಿ. ಈಗ ನೆನಪಾದ್ರೆ ನಾಚಿಕೆ ಆಗ್ತು."

ಪರವಾಗಿಲ್ಲ ಎನ್ನುವುದು ನನ್ನ ಹಕ್ಕಾಗಿರಲಿಲ್ಲ, ಆ ನೀರು ಕುಡಿದವಳು ನಾನಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಅರ್ಧ ಕುಡಿದು, ಲೋಟವನ್ನು ನನಗೆ ಚಾಚಿ, "ಕುಡಿ ಕೂಸೆ" ಎಂದರು. ಅವರ ಮನೆಮಾತಿನಲ್ಲಿ ಕೂಸು ಎಂದರೆ ಹುಡುಗಿ. ಎಂಜಲು ಲೋಟ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಕುಡಿದೆ.

ಅಕ್ಕನ ಮನೆಯಲ್ಲಿ ಮುಖ ನೋಡುವುದಕ್ಕಿಂತ ಮೊದಲು ಕೈ ತೊಳೆಯುವುದೇ ದೊಡ್ಡ ಕೆಲಸವಾಯಿತು. ಬಚ್ಚಲಲ್ಲಿ ಸೀಗೆಪುಡಿ ಹಾಕಿ ಉಜ್ಜಿದರೂ ವಾಸನೆ ಹೋಗಲಿಲ್ಲ. ಊಟಕ್ಕೆ ಕೂರುವಾಗ ಆ ಹಿರಿಯಮ್ಮ ತಂಗಿಯ ಮುಖ ನೋಡಿದರು, ನನ್ನನ್ನು ಎಲ್ಲಿ ಕೂರಿಸಬೇಕೆಂದು. ಅತ್ತೆ ತಮ್ಮ ಬಲಕ್ಕೆ ಬಾಳೆಲೆ ಎಳೆದು ಹಾಕಿ, "ಬಾ, ಕೂತ್ಕ" ಎಂದರು. ಅಕ್ಕ ಆ ಎಲೆಗೆ ಪಲ್ಯ ಬಡಿಸಿದರು.

ಎರಡು ವಾರಕ್ಕೆಂದು ಬಂದ ಅತ್ತೆ ಐದು ತಿಂಗಳು ಉಳಿದರು. ಈಗಲೂ ವರ್ಷಕ್ಕೆರಡು ಸಲ ಬರುತ್ತಾರೆ, ಬಂದಾಗ ಮಾಡಲೆಂದು ನಾನು ದೊಡ್ಡ ಕೆಲಸಗಳನ್ನು ತೆಗೆದಿಟ್ಟಿರುತ್ತೇನೆ. ಹೋದ ತಿಂಗಳು ಮುಂದಿನ ಬಲಚಕ್ರದ ಬೇರಿಂಗು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಜೋಡಿಸಿದೆವು. ಎಲ್ಲ ಮುಗಿದು ಚಕ್ರವನ್ನೂ ಬಿಗಿದ ಮೇಲೆ ತಟ್ಟೆಯಲ್ಲಿ ಒಂದು ವಾಶರ್ ಉಳಿದಿತ್ತು. ಇಬ್ಬರೂ ಅದನ್ನು ನೋಡಿದೆವು.

"ಹೆಚ್ಚಿಂದು ಇರಬಹುದಾ ಅತ್ತೆ?" ಎಂದೆ, ಆಸೆಯಿಂದ.

"ಗಾಡಿ ಮಾಡಿದವ್ಕೆ ಎಂತ ಹುಚ್ಚಾ, ಹೆಚ್ಚಿಂದು ಹಾಕಲೆ? ಬಿಚ್ಚು."

ಮತ್ತೆ ಜಾಕ್ ಏರಿಸಿ, ಮತ್ತೆ ಎಲ್ಲ ಬಿಚ್ಚಿ, ವಾಶರನ್ನು ಅದರ ಜಾಗಕ್ಕೆ ಕೂರಿಸುವಾಗ ಮಧ್ಯಾಹ್ನ ದಾಟಿತ್ತು. ಪರೀಕ್ಷೆ ಮಾಡಿದ ಹಾಗೂ ಆಯಿತೆಂದು ಗಂಡನನ್ನು ಕರೆತರಲು ತೀರ್ಥಹಳ್ಳಿಗೇ ಹೊರಟೆವು. ಕೋಣಂದೂರಿನಲ್ಲಿ ಇಳಿದು ಚಕ್ರ ಮುಟ್ಟಿ ನೋಡಿದೆವು, ಬಿಸಿಯಾಗಿರಲಿಲ್ಲ. ಅಲ್ಲಿಯೇ ಇಡ್ಲಿ ತಿಂದೆವು. ಕಾಲೇಜಿನ ಗೇಟಿನಲ್ಲಿ ಚೀಲ ಹಿಡಿದು ನಿಂತಿದ್ದ ಮಗನಿಗೆ ಅತ್ತೆ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ಗಂಡ ಹಿಂದೆ, ಜಾಕು ಮತ್ತು ಔಷಧಿ ಪೆಟ್ಟಿಗೆಯ ನಡುವೆ, ಮೊಣಕಾಲು ಮಡಚಿ ಕುಳಿತರು. ದಾರಿಯುದ್ದಕ್ಕೂ ನಾವಿಬ್ಬರೂ ಕ್ಲಚ್ಚಿನ ಬಗ್ಗೆ ಮಾತಾಡಿದೆವು.