ಯಾರಿಗೂ ಹೇಳದ ಸಫಾರಿ

2012ರ ಫೆಬ್ರವರಿ. ಟೋಕಿಯೋದ ಶಿನಾಗಾವಾದಲ್ಲಿ ಆರು ಜನರ ಒಂದು ಸಣ್ಣ ಟ್ರಾವೆಲ್ ಕಚೇರಿಯಲ್ಲಿ ನಾನು ಆಫ್ರಿಕಾ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಗಂಡನ ಕೆಲಸದ ಬೆನ್ನಿಗೆ ಮೈಸೂರಿನಿಂದ ಬಂದವಳು ನಾನು. ಜಪಾನೀಸ್ ಕಲಿತಿದ್ದೆ, ಇಂಗ್ಲಿಷ್ ಬರುತ್ತಿತ್ತು. ಅಷ್ಟಕ್ಕೇ ಆ ಕುರ್ಚಿ ಸಿಕ್ಕಿತ್ತು. ನಿವೃತ್ತ ದಂಪತಿಗಳನ್ನು ಟಾಂಜಾನಿಯಾದ ಐಷಾರಾಮಿ ಸಫಾರಿ ಲಾಡ್ಜ್‌ಗಳಿಗೆ ಕಳಿಸುವುದು ನನ್ನ ಕೆಲಸ. ಕಳಿಸುವ ಮೊದಲು ಲಾಡ್ಜ್‌ಗಳನ್ನು ನಾವೇ ಹೋಗಿ ನೋಡಿ ಬರುತ್ತೇವೆ. ಇದಕ್ಕೆ ಸೈಟ್ ಇನ್ಸ್‌ಪೆಕ್ಷನ್ ಎನ್ನುತ್ತಾರೆ. ಟೆಂಟಿನೊಳಗಿನ ತಾಮ್ರದ ಸ್ನಾನದ ತೊಟ್ಟಿ, ಜಗಲಿಯ ಎದುರೇ ನೀರು ಕುಡಿಯುವ ಆನೆಗಳು, ಇವೆಲ್ಲ ಬ್ರೋಷರ್‌ನಲ್ಲೇ ಇರುತ್ತವೆ. ನಾನು ನೋಡುತ್ತಿದ್ದದ್ದು ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಸೊಳ್ಳೆಪರದೆ ಎಲ್ಲಿ ಹರಿದಿದೆ, ಬೆಳಗ್ಗೆ ಐದಕ್ಕೆ ಬಿಸಿನೀರು ಬರುತ್ತದೋ ಇಲ್ಲವೋ.

ಹಿಂದಿನ ವರ್ಷದ ಭೂಕಂಪ, ಸುನಾಮಿಗಳ ನಂತರ ಜಪಾನಿನಲ್ಲಿ ಸುಖಪಡುವುದೇ ನಾಚಿಕೆಯ ವಿಷಯವಾಗಿತ್ತು. ಊಟದ ಕೂಟ, ಪಟಾಕಿ, ಪ್ರವಾಸ ಎಲ್ಲವನ್ನೂ ಜನ ತಾವಾಗಿಯೇ ಬಿಟ್ಟಿದ್ದರು. ಹಮಾಮತ್ಸುವಿನ ನೊದಾ ಸಾನ್ ಮತ್ತು ಅವರ ಹೆಂಡತಿ ಫುಮಿಕೊ ಸಾನ್ ಸುನಾಮಿಗೆ ಮೊದಲೇ ಸಫಾರಿ ಬುಕ್ ಮಾಡಿ, ಒಮ್ಮೆ ಮುಂದೂಡಿದ್ದರು. ಹೆಸರಿನ ಮುಂದಿನ ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ. ನೊದಾ ಸಾನ್‌ರ ತಮ್ಮ ಕೆಂಜಿ ಸಾನ್ ಮಿಯಾಗಿಯ ಕರಾವಳಿಯಲ್ಲಿ ಮನೆಯನ್ನೂ ಹೆಂಡತಿಯನ್ನೂ ಕಳೆದುಕೊಂಡು ಈಗ ಅಣ್ಣನ ಮನೆಯಲ್ಲೇ ಇದ್ದರು.

"ಅವನ ಮುಂದೆ ಆಫ್ರಿಕಾ ಅಂತ ಹೇಗೆ ಹೇಳೋದು?" ಎಂದರು ಫುಮಿಕೊ ಸಾನ್, ನನ್ನ ಮೇಜಿನ ಮುಂದೆ ಕುಳಿತು. "ರದ್ದು ಮಾಡೋಣ ಅಂದ್ರೆ ಇವರಿಗೆ ಎಪ್ಪತ್ತಾಯ್ತು."

ಉಪಾಯ ಹೇಳಿದವಳು ನಾನೇ. ಬೆನ್ನುನೋವಿಗೆಂದು ಕ್ಯುಶುವಿನ ಬಿಸಿನೀರಿನ ಬುಗ್ಗೆಯ ಊರಿಗೆ ಹತ್ತು ದಿನ ಹೋಗುತ್ತೇವೆ ಎನ್ನಿ ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಜಪಾನಿನಲ್ಲಿ ಪರವೂರಿಗೆ ಹೋದವರು ಅಲ್ಲಿಯ ತಿಂಡಿ ತಂದು ಹಂಚದಿದ್ದರೆ ಯಾರೂ ನಂಬುವುದಿಲ್ಲ. ಕ್ಯುಶುವಿನಿಂದ ಎಂಟು ಡಬ್ಬಿ ಸಿಹಿ ತರಿಸಿ, ಅವರು ಹಿಂದಿರುಗುವ ದಿನ ವಿಮಾನ ನಿಲ್ದಾಣದಲ್ಲೇ ಅವರ ಕೈಗೆ ಸಿಗುವಂತೆ ಮಾಡಿದೆ. ಮುಖ ಕಪ್ಪಾಗಬಾರದೆಂದು ಅಗಲ ಅಂಚಿನ ಟೋಪಿಯನ್ನೂ ಸಾಮಾನಿನ ಪಟ್ಟಿಯಲ್ಲಿ ಬರೆದೆ. ಯಾರಿಗೂ ಹೇಳುವುದಿಲ್ಲವೆಂದು ಮಾತೂ ಕೊಟ್ಟೆ. ನನ್ನ ಅಚ್ಚುಕಟ್ಟುತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಪ್ರವಾಸ ಚೆನ್ನಾಗಿಯೇ ನಡೆಯಿತು. ಅತಿಥಿಗಳು ಏನು ತಿಂದರು, ಏನು ಕಂಡರು ಎಂದು ಲಾಡ್ಜಿನವರು ದಿನವೂ ಬರೆದು ಕಳಿಸುತ್ತಿದ್ದ ಡೇಲಿ ಶೀಟನ್ನು ನಾನು ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಿದ್ದೆ.

ಅವರು ಹಿಂದಿರುಗಿದ ಒಂಬತ್ತನೆಯ ದಿನ, ಸೋಮವಾರ ಬೆಳಗ್ಗೆ ಫುಮಿಕೊ ಸಾನ್ ಫೋನ್ ಮಾಡಿದರು. ನೊದಾ ಸಾನ್‌ಗೆ ವಿಪರೀತ ಜ್ವರ. ಫ್ಲೂ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ.

"ಮಲೇರಿಯಾ ಮಾತ್ರೆ ತಗೊಳ್ತಿದ್ದಾರೆ ತಾನೆ?" ಎಂದೆ. ಆ ಮಾತ್ರೆಯನ್ನು ವಾರಕ್ಕೊಂದರಂತೆ, ಬಂದ ಮೇಲೂ ನಾಲ್ಕು ವಾರ ನುಂಗಬೇಕು.

"ಕೆಂಜಿ ನೋಡಿ ಏನಿದು ಅಂತ ಕೇಳಿದ. ಇವರು ಎಸೆದುಬಿಟ್ಟರು."

"ಡಾಕ್ಟರಿಗೆ ಆಫ್ರಿಕಾ ಅಂತ ಹೇಳಿದ್ರಾ?"

"ಕೆಂಜಿ ಪಕ್ಕದಲ್ಲೇ ಕೂತಿದ್ದ."

"ಇವತ್ತೇ ಹೇಳಿಬಿಡಿ, ಫುಮಿಕೊ ಸಾನ್."

"ಹಾಂ, ಹೇಳ್ತೀನಿ. ದಾಯ್ಜೋಬು, ದಾಯ್ಜೋಬು." ಏನೂ ತೊಂದರೆಯಿಲ್ಲ ಎಂದರ್ಥ. ಇಲ್ಲಿ ತೊಂದರೆ ಮಿತಿಮೀರಿದಾಗಲೂ ಅದನ್ನೇ ಹೇಳುತ್ತಾರೆ ಎಂಬುದು ಅಷ್ಟು ವರ್ಷ ಇದ್ದ ನನಗೆ ಗೊತ್ತಿರಬೇಕಿತ್ತು.

ಮ್ಯಾನೇಜರಿಗೆ ತಿಳಿಸಿದೆ. ಗಿರಾಕಿಯ ಸ್ವಂತ ವಿಷಯ, ಅವರೇ ಹೇಳುತ್ತಾರೆ, ಕಾಯಿರಿ ಎಂದರು. ಕಾದೆ. ಮಂಗಳವಾರ ನಾಲ್ಕು ಸಲ ಫೋನ್ ಮಾಡಿದರೂ ಫುಮಿಕೊ ಸಾನ್ ಎತ್ತಲಿಲ್ಲ. ಬುಧವಾರ ಬೆಳಗ್ಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಅವರೇ ಫೋನ್ ಮಾಡಿದರು. ನೊದಾ ಸಾನ್ ಆಸ್ಪತ್ರೆಯಲ್ಲಿದ್ದರು. ಕಣ್ಣು ಹಳದಿಯಾಗಿ, ಮಾತು ತೊದಲುತ್ತಿತ್ತು.

"ಹೇಳಿದ್ರಾ?" ಎಂದೆ.

"ನೆನ್ನೆ ಪ್ರಜ್ಞೆ ಇದ್ದಾಗ ಕೈ ಹಿಡ್ಕೊಂಡು ಬೇಡ ಅಂದರು. ಕೆಂಜಿಗೆ ಮುಖ ತೋರಿಸಲಾರೆ ಅಂದರು."

ಆಸ್ಪತ್ರೆಗೆ ಫೋನ್ ಮಾಡಿದೆ. ರೋಗಿಯ ಬಗ್ಗೆ ಹೊರಗಿನವರೊಡನೆ ಮಾತಾಡುವಂತಿಲ್ಲ ಎಂದು ಅಲ್ಲಿಯವಳು ನಾನು ವಿಷಯ ಹೇಳುವ ಮೊದಲೇ ವಿನಯದಿಂದ ಫೋನ್ ಇಟ್ಟುಬಿಟ್ಟಳು. ನಾನು ನಿಂತೇ ಇದ್ದೆ.

"ಏನ್ ಯೋಚ್ನೆ ಮಾಡ್ತಿದೀಯ?" ಎಂದರು ನನ್ನ ಗಂಡ ಸುಧೀರ್, ಶೂ ಕಟ್ಟಿಕೊಳ್ಳುತ್ತಾ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಕಣ್ರೀ. ಕೆಲಸಾನೂ ಹೋಗಬಹುದು."

"ಹೋದ್ರೆ ಹೋಗ್ಲಿ ಬಿಡೆ. ಆ ಮನುಷ್ಯನೇ ಹೋಗ್ಬಿಟ್ರೆ ಮಾತು ಯಾರಿಗೋಸ್ಕರ ಉಳಿಸ್ಕೋತೀಯ? ನಡಿ, ಸ್ಟೇಷನ್‌ಗೆ ಬಿಡ್ತೀನಿ."

ಕಚೇರಿಗೆ ಓಡಿ ಫೈಲ್ ಎತ್ತಿಕೊಂಡು ಹಮಾಮತ್ಸುವಿನ ಶಿನ್‌ಕಾನ್ಸೆನ್ ಬುಲೆಟ್ ರೈಲು ಹತ್ತಿದೆ. ಒಂದೂವರೆ ಗಂಟೆಯ ದಾರಿಯಲ್ಲಿ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ: ಟಾಂಜಾನಿಯಾ, ಯಾವ ಲಾಡ್ಜಿನಲ್ಲಿ ಎಷ್ಟು ದಿನ, ಮಾತ್ರೆ ನಿಲ್ಲಿಸಿದ್ದು ಯಾವಾಗ.

ವಾರ್ಡಿನ ಹೊರಗೆ ಕೆಂಜಿ ಸಾನ್ ಮತ್ತು ಫುಮಿಕೊ ಸಾನ್ ಡಾಕ್ಟರರೊಡನೆ ನಿಂತಿದ್ದರು. ನನ್ನನ್ನು ಕಂಡು ಫುಮಿಕೊ ಸಾನ್ ಗೋಡೆಗೆ ಮುಖ ತಿರುಗಿಸಿದರು.

"ಸುಮಿಮಾಸೆನ್, ಕ್ಷಮಿಸಿ," ಎಂದೆ ಡಾಕ್ಟರಿಗೆ. "ಇವರು ಕ್ಯುಶುಗೆ ಹೋಗಿರಲಿಲ್ಲ. ಹದಿಮೂರು ದಿನದ ಹಿಂದೆ ಆಫ್ರಿಕಾದಲ್ಲಿದ್ದರು. ಕಳಿಸಿದವಳು ನಾನು."

ಡಾಕ್ಟರ್ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ ಒಳಗೆ ಓಡಿದರು. ಅರ್ಧ ಗಂಟೆಯಲ್ಲಿ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿದರು. ಮಲೇರಿಯಾ, ಅದರಲ್ಲೂ ಮಿದುಳಿಗೆ ಏರುವಂಥದ್ದು. ಅದಕ್ಕೆ ಬೇಕಾದ ಚುಚ್ಚುಮದ್ದು ಜಪಾನಿನಲ್ಲಿ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿರುತ್ತದೆ, ತರಿಸಲು ಹೇಳಿದರು. ತಲುಪಲು ಸಂಜೆಯಾಗುತ್ತಿತ್ತು. ಕಾಯುವುದನ್ನು ಬಿಟ್ಟು ನಮಗೆ ಬೇರೆ ಕೆಲಸವಿರಲಿಲ್ಲ.

ಬೆಂಚಿನ ಮೇಲೆ ಕೆಂಜಿ ಸಾನ್ ನನ್ನ ಪಕ್ಕ ಬಂದು ಕುಳಿತರು. ಬೈಗುಳ ಕೇಳಲು ನಾನು ಸಿದ್ಧಳಾಗಿದ್ದೆ.

"ಅಣ್ಣ ಸಿಂಹ ನೋಡಿದ್ನಾ?" ಎಂದರು.

ನೋಡಿದರು ಎಂದೆ.

"ಹೇಳಿದ್ದಿದ್ರೆ ಸೂಟ್‌ಕೇಸ್ ನಾನೇ ಹೊತ್ಕೊಂಡು ಸ್ಟೇಷನ್‌ವರೆಗೂ ಬರ್ತಿದ್ದೆ. ನಮ್ಮನೇಲಿ ಒಬ್ಬರಾದ್ರೂ ಖುಷಿಯಾಗಿದಾರೆ ಅಂತ ಆಗ್ತಿತ್ತು."

ಫೈಲ್ ತೆಗೆದು ಡೇಲಿ ಶೀಟುಗಳನ್ನು ಜಪಾನೀಸಿಗೆ ತಿರುಗಿಸಿ ಓದತೊಡಗಿದೆ. ಮೊದಲ ಲಾಡ್ಜಿನಲ್ಲಿ ನೊದಾ ಸಾನ್ ಎರಡು ಸಲ ಸೂಪ್ ಹಾಕಿಸಿಕೊಂಡದ್ದು, ಮರಿಯಾನೆ ಜೀಪಿನ ಹತ್ತಿರ ಬಂದಾಗ ಅವರು ಟೋಪಿ ತೆಗೆದು ತಲೆಬಾಗಿದ್ದು. ಕೆಂಜಿ ಸಾನ್ ತಲೆ ತಗ್ಗಿಸಿ ಕೇಳಿದರು. ಮೂರನೆಯ ದಿನದ ಹಾಳೆಗೆ ಬರುವಾಗ ಫುಮಿಕೊ ಸಾನ್ ಕೂಡ ಬಂದು ಕುಳಿತರು.

ಔಷಧಿ ಆರು ಗಂಟೆಗೆ ಬಂತು. ನೊದಾ ಸಾನ್ ಶುಕ್ರವಾರ ಮಧ್ಯಾಹ್ನ ತೀರಿಕೊಂಡರು. ಸೋಮವಾರವೇ ಗೊತ್ತಾಗಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಬಗ್ಗಿ ನಮಸ್ಕರಿಸಿ ಹೋದರು.

ಕೆಲಸ ಹೋಗಲಿಲ್ಲ. ಈಗಲೂ ಅದೇ ಡೆಸ್ಕಿನಲ್ಲಿದ್ದೇನೆ. ಗಿರಾಕಿಯ ಗುಟ್ಟನ್ನು ನನ್ನೊಳಗೆ ಇಟ್ಟುಕೊಳ್ಳಬಹುದು, ಆದರೆ ಅವರ ಸುಳ್ಳಿಗೆ ಪುರಾವೆ ಜೋಡಿಸಿ ಕೊಡಬಾರದು ಎಂದು ಈ ವೃತ್ತಿ ನನಗೆ ಒಬ್ಬರ ಜೀವ ತೆಗೆದುಕೊಂಡು ಕಲಿಸಿತು. ಆಫ್ರಿಕಾದಿಂದ ಬಂದ ಪ್ರತಿಯೊಬ್ಬರಿಗೂ ಒಂಬತ್ತನೆಯ ದಿನ ಫೋನ್ ಮಾಡಿ ಜ್ವರವಿದೆಯೇ ಎಂದು ಕೇಳುತ್ತೇನೆ. ಎಲ್ಲರೂ ದಾಯ್ಜೋಬು ಎನ್ನುತ್ತಾರೆ. ಆಮೇಲೆ, ಮನೆಯಲ್ಲಿ ಇನ್ನೊಬ್ಬರು ಯಾರಿದ್ದಾರೋ ಅವರ ಕೈಗೆ ಫೋನ್ ಕೊಡಿ ಎನ್ನುತ್ತೇನೆ.